ಬ್ಯಾಟ್ರಿಗೆ ಯಾವ ಸೆಲ್ಲು, ಸೆಲ್ಲಿಗೆ ಯಾವ ಚಾರ್ಜರು?

ನಮ್ಮ ತೀರ್ಥಹಳ್ಳಿ ಕಡೆ ಟಾರ್ಚಿಗೇ ಬ್ಯಾಟ್ರಿ ಅನ್ನುತ್ತಾರೆ. ಅದರೊಳಗೆ ಹಾಕುವುದು ಸೆಲ್ಲು. "ಬ್ಯಾಟ್ರಿ ಎಲ್ಲಿಟ್ಟಿದೀಯ ಮಾರಾಯ" ಅಂತ ಅಪ್ಪಯ್ಯ ಕೂಗಿದರೆ ಹುಡುಕಬೇಕಾದದ್ದು ಟಾರ್ಚನ್ನೇ. ತ್ರೀ ಫೇಸ್ ಕರೆಂಟು ರಾತ್ರಿ ಹನ್ನೊಂದಕ್ಕೆ ಬಂದರೆ ತೋಟದ ಕೆಳಗಿನ ಪಂಪ್‌ಹೌಸಿಗೆ ಹೋಗಿ ಮೋಟರ್ ಹಾಕಿ ಬರಬೇಕು. ದಾರಿಯ ದರಗೆಲೆಯ ಮೇಲೆ ಕಾಲಿಡುವ ಮೊದಲು ಅಲ್ಲಿ ಏನು ಮಲಗಿದೆ ಅಂತ ಕಾಣಬೇಕು. ಅದಕ್ಕೇ ಈಗೀಗ ಎರಡು ಮೂರು ಸಾವಿರ ಕೊಟ್ಟು ಒಳ್ಳೆಯ ಎಲ್‌ಇಡಿ ಟಾರ್ಚ್ ಕೊಳ್ಳುವವರು ನಮ್ಮೂರಲ್ಲೂ ಆಗಿದ್ದಾರೆ. ಪೊಟ್ಟಣ ಬಿಚ್ಚಿದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಇದರಲ್ಲಿ ಸೆಲ್ಲೇ ಇಲ್ವಲ್ಲ, ಯಾವುದು ಹಾಕ್ಲಿ?"

ಸೆಲ್ಲಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಎಂಎಎಚ್ ಸಂಖ್ಯೆಯನ್ನು, ಅಂದರೆ ಅದರಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕವನ್ನು, ಹೆಚ್ಚಿನವರು ಮೊದಲು ನೋಡುತ್ತಾರೆ. ನಾನು ಅದನ್ನು ಕೊನೆಗೆ ನೋಡುವುದು. ಮೊದಲು ನೋಡುವುದು ಟಾರ್ಚಿನ ಹೊಟ್ಟೆಯ ಅಳತೆ. ಉದ್ದ ಅಗಲ ಸರಿಹೊಂದದೆ ಮಿಕ್ಕದ್ದು ಮಾತಾಡಿ ಪ್ರಯೋಜನವಿಲ್ಲ. ಎರಡನೆಯದು, ಪೂರ್ತಿ ಜೋರಾಗಿ ಉರಿಸಿದಾಗ ಅದು ಎಷ್ಟು ಆಂಪಿಯರ್ ಎಳೆಯುತ್ತದೆ. ಮೂರನೆಯದು, ಅದನ್ನು ಕೈಯಲ್ಲಿ ಹಿಡಿಯುವವರು ಯಾರು. ಸೆಲ್ಲು ತೆಗೆದು, ಹಾಕಿ, ವೋಲ್ಟೇಜ್ ನೋಡುವ ಹುಚ್ಚಿರುವವರೋ, ಗುಂಡಿ ಒತ್ತಿದರೆ ಬೆಳಕು ಬಂದರೆ ಸಾಕು ಅನ್ನುವವರೋ? ನಾಲ್ಕನೆಯದು, ಚಾರ್ಜ್ ಮಾಡುವ ಜಾಗ. ದಿನಕ್ಕೆ ಆರು ಸಲ ಕರೆಂಟು ಹೋಗುವ ಮನೆ ಬೇರೆ, ಬೆಂಗಳೂರಿನ ಫ್ಲಾಟ್ ಬೇರೆ.

ಮೊದಲು ಮೋಸದ ಮಾತು

ನಾನು ಕೊಂಡ ಮೊದಲ ಲಿಥಿಯಂ ಸೆಲ್ಲಿನ ಮೇಲೆ 9800 ಎಂಎಎಚ್ ಅಂತ ಇತ್ತು. ಜೋಡಿಗೆ ಇನ್ನೂರೈವತ್ತು ರೂಪಾಯಿ, ಜೊತೆಗೆ ಗೋಡೆಗೆ ಸಿಕ್ಕಿಸುವ ಚಾರ್ಜರ್ ಪುಕ್ಕಟೆ. ಹೊಸ ಟಾರ್ಚ್ ಪಂಪ್‌ಹೌಸಿಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಮಂಕಾಯಿತು. ಟಾರ್ಚನ್ನೇ ಬೈದೆ. ಆಮೇಲೆ ಒಂದು ದಿನ, ಏಲಕ್ಕಿ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಮೇಜಿನ ಮೇಲಿತ್ತು, ಸುಮ್ಮನೆ ಸೆಲ್ಲನ್ನು ಇಟ್ಟು ನೋಡಿದೆ: 31 ಗ್ರಾಂ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಅದೇ ಅಳತೆಯ ಸೆಲ್ಲು 46 ಗ್ರಾಂ ತೂಗಿತು. ಮುಂದೆ ಸಾಮರ್ಥ್ಯ ಅಳೆಯುವ ಚಾರ್ಜರ್ ಬಂದಾಗ ಪರೀಕ್ಷೆಗಿಟ್ಟೆ. ಆ 9800ರ ಸೆಲ್ಲು ಕೊಟ್ಟದ್ದು 870.

ಇದರ ಲೆಕ್ಕ ಕಷ್ಟದ್ದಲ್ಲ. ಈ ಜಾತಿಯ ಸೆಲ್ಲಿಗೆ 18650 ಅನ್ನುತ್ತಾರೆ, ಆ ಹೆಸರೇ ಅಳತೆ: 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅಂದರೆ ದುಂಡಗಿನ ಆಕಾರ. ಆ ಡಬ್ಬಿಯಲ್ಲಿ ಒಳ್ಳೆಯ ಕಂಪನಿಗಳು ಇಷ್ಟು ವರ್ಷ ಒದ್ದಾಡಿ ತುಂಬಿಸಿರುವುದು ಸುಮಾರು 3500 ಎಂಎಎಚ್, ಸ್ವಲ್ಪ ಆಚೀಚೆ. ಅದರ ಅಣ್ಣ 21700ರಲ್ಲಿ 5000ದ ಆಸುಪಾಸು. ಹಾಗಾಗಿ 18650ರ ಮೇಲೆ 6000, 8800, 9900 ಅಂತ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಅಸಲಿ 18650 ಸಾಮಾನ್ಯವಾಗಿ 44ರಿಂದ 49 ಗ್ರಾಂ ಒಳಗೆ ಇರುತ್ತದೆ, 21700 ಎಪ್ಪತ್ತರ ಹತ್ತಿರ. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಅಂತಲ್ಲ, ಆದರೆ ತೂಕ ತೀರಾ ಕಡಿಮೆಯಿದ್ದರೆ ನಕಲಿಯೇ.

ನಮ್ಮ ದೇಶದಲ್ಲಿ ಮಾರುವ ಲಿಥಿಯಂ ಸೆಲ್ಲಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಮೈಮೇಲೆ ಐಎಸ್ 16046 ಅನ್ನುವ ಗುರುತೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನೂ ಅಚ್ಚು ಹಾಕುವವರಿದ್ದಾರೆ ಅನ್ನಿ. ಅದಕ್ಕೇ ನಾನು ಗುರುತಿಗಿಂತ ಅಂಗಡಿಯನ್ನು ಹೆಚ್ಚು ನಂಬುತ್ತೇನೆ: ಬಿಡಿ ಸೆಲ್ಲು ಮತ್ತು ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವುದನ್ನೇ ಕಸುಬು ಮಾಡಿಕೊಂಡವರಲ್ಲಿ ಕೊಳ್ಳಿ. ಚಾರ್ಜರನ್ನು ಪುಕ್ಕಟೆ ಕೊಡುವವರಲ್ಲಿ ಬೇಡ.

18650 ಬೇಕೋ 21700 ಬೇಕೋ

ಟಾರ್ಚ್ ಆಗಲೇ ಕೈಯಲ್ಲಿದ್ದರೆ ಈ ಪ್ರಶ್ನೆ ಇಲ್ಲ, ಅದು ಕೇಳಿದ್ದನ್ನೇ ಹಾಕಬೇಕು. ಇನ್ನೂ ಕೊಳ್ಳಬೇಕಾದವರಿಗೆ ಮಾತ್ರ ಹೇಳುವುದು. 21700 ಅರ್ಧದಷ್ಟು ಹೆಚ್ಚು ಹೊತ್ತು ಉರಿಯುತ್ತದೆ. ಟಾರ್ಚ್ ದಪ್ಪವಾಗುವುದರಿಂದ ಬಿಸಿಯೂ ನಿಧಾನವಾಗಿ ಏರುತ್ತದೆ. ಆದರೆ ಪಂಚೆ ಸೊಂಟಕ್ಕೆ ಸಿಕ್ಕಿಸಿದರೆ ಜಾರುತ್ತದೆ, ಶರ್ಟಿನ ಜೇಬಿನಲ್ಲಿ ಜೋತಾಡುತ್ತದೆ. 18650ರ ಬಲ ಬೇರೆ ಕಡೆ ಇದೆ. ಅದು ಎಲ್ಲೆಲ್ಲೂ ಸಿಗುತ್ತದೆ, ಅಗ್ಗ, ಎಲ್ಲ ಚಾರ್ಜರಿಗೂ ಹೊಂದುತ್ತದೆ, ಹೆಡ್‌ಲ್ಯಾಂಪಿಗೂ ಅದೇ ಹಾಕಬಹುದು. ಮನೆಯಲ್ಲಿ ಎರಡು ಮೂರು ಟಾರ್ಚ್ ಇದ್ದರೆ ಎಲ್ಲದಕ್ಕೂ ಒಂದೇ ಅಳತೆಯ ಸೆಲ್ಲು ಇರುವುದು ದೊಡ್ಡ ಸೌಕರ್ಯ. ನನ್ನ ಓಟು 18650ಕ್ಕೆ. ರಾತ್ರಿಯಿಡೀ ಕಾಡುಹಂದಿ ಕಾಯುವವರು, ಕುಮಾರಪರ್ವತದಂಥ ದೊಡ್ಡ ಚಾರಣಕ್ಕೆ ಹೋಗುವವರು 21700 ತಗೊಳ್ಳಲಿ.

ಸಾಮರ್ಥ್ಯವೋ, ಶಕ್ತಿಯೋ

ತಲೆಕೆಡಿಸಿಕೊಳ್ಳಬೇಕಾದ ಜಾಗ ಇದು. ಒಂದೇ ಅಳತೆಯ ಡಬ್ಬಿಯಲ್ಲಿ ಒಂದೋ ಹೆಚ್ಚು ದಾಸ್ತಾನು ಇಡಬಹುದು, ಇಲ್ಲವೇ ದಾಸ್ತಾನು ಬೇಗ ಹೊರಗೆ ಹಾಕುವ ಅಗಲ ಬಾಗಿಲು ಇಡಬಹುದು. ಎರಡೂ ಪೂರ್ತಿ ಸಿಗುವುದಿಲ್ಲ. ಸ್ಯಾಮ್‌ಸಂಗ್ 35ಇ 3500 ಎಂಎಎಚ್, ಆದರೆ ಎಡೆಬಿಡದೆ ಕೊಡಬಲ್ಲದ್ದು 8 ಆಂಪಿಯರ್. ಎಲ್‌ಜಿ ಎಂಜೆ1 ಅಷ್ಟೇ ಸಾಮರ್ಥ್ಯದ್ದು, 10 ಆಂಪಿಯರ್. ಸ್ಯಾಮ್‌ಸಂಗ್ 30ಕ್ಯೂ 3000 ಎಂಎಎಚ್ ಅಷ್ಟೇ, ಆದರೆ 15 ಆಂಪಿಯರ್ ಕೊಡುತ್ತದೆ. 21700ರಲ್ಲೂ ಇದೇ ಕತೆ: ಸ್ಯಾಮ್‌ಸಂಗ್ 50ಇ 5000 ಎಂಎಎಚ್, ಹತ್ತು ಆಂಪಿಯರಿಗೆ ಸ್ವಲ್ಪ ಕಡಿಮೆ; ಮೋಲಿಸೆಲ್ ಪಿ42ಎ 4200 ಎಂಎಎಚ್, 45 ಆಂಪಿಯರ್ ತನಕ.

ಈಗ ನಿಮ್ಮ ಟಾರ್ಚ್ ಎಷ್ಟು ಕೇಳುತ್ತದೆ ನೋಡಿ. ಬಹಳ ಜನರ ಕೈಯಲ್ಲಿರುವ ಕಾನ್ವಾಯ್ ಎಸ್‌2 ಪ್ಲಸ್‌ನ ಎಂಟು ಚಿಪ್ಪಿನ (ಎಲ್‌ಇಡಿಗೆ ಕರೆಂಟನ್ನು ಅಳೆದು ಬಿಡುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್) ಮಾದರಿಯಲ್ಲಿ ಒಂದೊಂದು ಚಿಪ್ಪು 350 ಮಿಲಿಆಂಪಿಯರ್ ಬಿಡುತ್ತದೆ, ಒಟ್ಟು 2.8 ಆಂಪಿಯರ್. ಇಷ್ಟಕ್ಕೆ 35ಇ ಧಾರಾಳ ಸಾಕು. 3500ನ್ನು 2800ರಿಂದ ಭಾಗಿಸಿದರೆ ಪೂರ್ತಿ ಜೋರಿನಲ್ಲಿ ಸುಮಾರು ಒಂದೂಕಾಲು ಗಂಟೆ. ಅದೇ 30ಕ್ಯೂ ಹಾಕಿದರೆ ಒಂದು ಗಂಟೆ ನಾಲ್ಕು ನಿಮಿಷ. ಒಂದೇ ಚಿಪ್ಪಿನ ಮಟ್ಟಕ್ಕೆ ಇಳಿಸಿದರೆ ಹತ್ತು ಗಂಟೆ, ತೋಟದ ದಾರಿಗೆ ಅಷ್ಟು ಬೆಳಕು ಬೇಕಾದಷ್ಟಾಯಿತು. ಇದು ಕಾಗದದ ಲೆಕ್ಕ, ಹೌದು, ಸೆಲ್ಲು ಮುಗಿಯುತ್ತ ಬಂದ ಹಾಗೆ ಬೆಳಕೂ ತಗ್ಗುತ್ತದೆ. ಆದರೆ ಹೋಲಿಸುವುದಕ್ಕೆ ಸಾಕು.

ಮೂರು ನಾಲ್ಕು ಎಲ್‌ಇಡಿ ಇರುವ, ಡಬ್ಬದ ಮೇಲೆ ಮೂರು ಸಾವಿರ ಲ್ಯೂಮೆನ್ (ಬೆಳಕಿನ ಅಳತೆ) ಅಂತ ಬರೆದ ಟಾರ್ಚಿನ ಮಾತೇ ಬೇರೆ. ಅದು ಟರ್ಬೊದಲ್ಲಿ, ಅಂದರೆ ಅತಿ ಜೋರಿನ ಬೆಳಕಿನಲ್ಲಿ, ಹತ್ತು ಹನ್ನೆರಡು ಆಂಪಿಯರ್ ದಾಟಿ ಎಳೆಯಬಹುದು. ಅಲ್ಲಿ 35ಇ ಹಾಕಿದರೆ ಭಾರ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಮೂರು ಮೋಟರ್ ಒಟ್ಟಿಗೆ ಶುರುವಾದರೆ ಮನೆಯ ಬಲ್ಬು ಕೆಂಪಗಾಗುತ್ತದಲ್ಲ, ಹಾಗೆ. ಸೆಲ್ಲೂ ಬಿಸಿಯಾಗಿ ಆಯಸ್ಸು ಕಳೆದುಕೊಳ್ಳುತ್ತದೆ. ಇಂಥದ್ದಕ್ಕೆ 30ಕ್ಯೂ, ಪಿ42ಎ ಜಾತಿಯವೇ ಬೇಕು. ಟಾರ್ಚಿನ ಕೈಪಿಡಿಯಲ್ಲಿ ಕನಿಷ್ಠ ಇಷ್ಟು ಆಂಪಿಯರಿನ ಸೆಲ್ಲು ಅಂತ ಬರೆದಿದ್ದರೆ ಅದನ್ನೇ ಪಾಲಿಸಿ. ಏನೂ ಬರೆದಿಲ್ಲ, ಗೊತ್ತಾಗುತ್ತಿಲ್ಲ ಅನ್ನುವವರು 10 ಆಂಪಿಯರ್ ಮೇಲಿನದ್ದನ್ನು ಕೊಂಡರೆ ಸಾಮಾನ್ಯ ಟಾರ್ಚಿನಲ್ಲಿ ತಪ್ಪಾಗುವುದಿಲ್ಲ. ಕಳೆದುಕೊಳ್ಳುವುದು ಹತ್ತು ಹದಿನೈದು ನಿಮಿಷದ ಬೆಳಕು ಮಾತ್ರ.

ರಕ್ಷಣೆ ಇರುವುದು, ಇಲ್ಲದ್ದು

ಕೆಲವು ಸೆಲ್ಲುಗಳ ತಳದಲ್ಲಿ ಹತ್ತು ಪೈಸೆ ನಾಣ್ಯದಷ್ಟು ಒಂದು ಸರ್ಕ್ಯೂಟ್ ಕೂರಿಸಿರುತ್ತಾರೆ. ಅತಿಯಾಗಿ ಖಾಲಿಯಾದರೆ, ಅತಿಯಾಗಿ ಚಾರ್ಜಾದರೆ, ಶಾರ್ಟ್ ಆದರೆ ಅದು ಸಂಪರ್ಕ ಕಡಿಯುತ್ತದೆ. ಇದೇ ಪ್ರೊಟೆಕ್ಟೆಡ್ ಸೆಲ್. ಬೆಲೆ ಸ್ವಲ್ಪ ಜಾಸ್ತಿ, ಉದ್ದವೂ ಜಾಸ್ತಿ: 65 ಮಿಲಿಮೀಟರ್ ಇದ್ದದ್ದು 68, 70 ಆಗುತ್ತದೆ. ಬಿಗಿ ಟಾರ್ಚಿನಲ್ಲಿ ಹಿಂದಿನ ಮುಚ್ಚಳ ತಿರುಗಿ ಕೂರುವುದೇ ಇಲ್ಲ. ಇನ್ನು ಹೆಚ್ಚು ಆಂಪಿಯರ್ ಎಳೆಯುವ ಟಾರ್ಚಿಗೆ ಹಾಕಿದರೆ ಟರ್ಬೊ ಒತ್ತಿದ ಕ್ಷಣ ಕತ್ತಲೆ. ಸರ್ಕ್ಯೂಟ್ ಅದನ್ನು ಶಾರ್ಟ್ ಅಂತಲೇ ತಿಳಿಯುತ್ತದೆ, ಪಾಪ ಅದರ ತಪ್ಪಲ್ಲ.

ಹಾಗಾದರೆ ಯಾರಿಗೆ ಬೇಕು? ಒಂದು, ಮನೆಯ ಹಿರಿಯರು ಮಕ್ಕಳು ಎಲ್ಲರೂ ಬಳಸುವ ಟಾರ್ಚಿಗೆ. ಎರಡು, ಕಡಿಮೆ ವೋಲ್ಟೇಜಿನ ಎಚ್ಚರಿಕೆ ಇಲ್ಲದ ಅಗ್ಗದ ಟಾರ್ಚಿಗೆ. ಮೂರು, ಎರಡು ಸೆಲ್ಲು ಒಂದರ ಹಿಂದೆ ಒಂದು ಕೂರುವ ಟಾರ್ಚಿಗೆ. ಈ ಮೂರನೆಯದು ಮುಖ್ಯ. ಒಂದು ಸೆಲ್ಲು ಹಳತು, ಒಂದು ಹೊಸತು ಆದರೆ ಹಳತು ಮೊದಲು ಬರಿದಾಗುತ್ತದೆ. ಹೊಸತು ಅದರ ಮೂಲಕವೇ ಕರೆಂಟನ್ನು ಉಲ್ಟಾ ನೂಕುತ್ತಿರುತ್ತದೆ. ಸೆಲ್ಲು ಬಿಸಿಯಾಗಿ ಗ್ಯಾಸ್ ಬಿಟ್ಟರೆ ನೀರು ನುಗ್ಗದಂತೆ ಬಿಗಿಯಾಗಿ ಮುಚ್ಚಿದ ಅಲ್ಯುಮಿನಿಯಂ ಕೊಳವೆ ಗರ್ನಾಲಿಗೆ ಸಮ. ಹಳೆಯ ಮೂರು ಸೆಲ್ಲಿನ ಬ್ಯಾಟ್ರಿಗೆ ಸಿಕ್ಕಿದ ಸೆಲ್ಲು ಬೆರಕೆ ಮಾಡಿ ಹಾಕುತ್ತಿದ್ದೆವಲ್ಲ, ಆ ರೂಢಿಯನ್ನು ಲಿಥಿಯಂ ಹತ್ತಿರ ತರಬೇಡಿ. ಒಟ್ಟಿಗೆ ಕೊಂಡ ಒಂದೇ ಮಾದರಿಯ ಜೋಡಿ, ಒಟ್ಟಿಗೇ ಚಾರ್ಜ್, ಒಟ್ಟಿಗೇ ನಿವೃತ್ತಿ. ನನ್ನನ್ನು ಕೇಳಿದರೆ ಒಂದೇ ಸೆಲ್ಲಿನ ಟಾರ್ಚ್ ಕೊಂಡು ಈ ಗೋಜಿನಿಂದಲೇ ದೂರ ಇರುವುದು ವಾಸಿ.

ತಲೆಯ ವಿಚಾರ ಒಂದಿದೆ. ಧನ ತುದಿ ಉಬ್ಬಿರುವುದು ಬಟನ್ ಟಾಪ್, ಸಪಾಟಾಗಿರುವುದು ಫ್ಲಾಟ್ ಟಾಪ್. ಕೆಲವು ಟಾರ್ಚುಗಳಲ್ಲಿ ಸೆಲ್ಲು ಉಲ್ಟಾ ಹಾಕಿದರೆ ಕೆಡದಿರಲಿ ಅಂತ ಒಂದು ಪ್ಲಾಸ್ಟಿಕ್ ಉಂಗುರ ಇರುತ್ತದೆ, ಅಲ್ಲಿ ಸಪಾಟು ತಲೆ ಮುಟ್ಟುವುದೇ ಇಲ್ಲ. ಕೊಳ್ಳುವ ಮೊದಲು ಟಾರ್ಚಿನೊಳಗೆ ಇಣುಕಿ ನೋಡಿ: ಸ್ಪ್ರಿಂಗ್ ಇದ್ದರೆ ಎರಡೂ ಸರಿ.

ಮೈಯಲ್ಲೇ ಟೈಪ್‌-ಸಿ ತೂತಿರುವ ಸೆಲ್ಲುಗಳೂ ಬಂದಿವೆ. ಚಾರ್ಜರಿನ ಖರ್ಚು ಉಳಿಯುತ್ತದೆ, ಆದರೆ ಉದ್ದ ಇನ್ನೂ ಹೆಚ್ಚು. ಒಂದೇ ಸೆಲ್ಲು ಸಾಕು ಅನ್ನುವವರಿಗೆ ಅಡ್ಡಿಯಿಲ್ಲ.

ಗೋಡೆ ಗಡಿಯಾರಕ್ಕೆ ಹಾಕುವ ಸಾದಾ ಎಎ ಸಾಲದೇ?

ಬಹಳ ಮನೆಗಳಿಗೆ ಸಾಕು. ಕರೆಂಟು ಹೋದಾಗ ದೀಪದ ಕಡ್ಡಿ ಹುಡುಕುವಷ್ಟು ಬೆಳಕು ಬೇಕಾದವರಿಗೆ ಲಿಥಿಯಂನ ಈ ರಾಮಾಯಣವೇ ಬೇಡ. ಎಎ ಅಳತೆಯ ಒಳ್ಳೆಯ ಟಾರ್ಚಿಗೆ ಎನಲೂಪ್ ಥರದ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ಲು ಹಾಕಿ. 2005ರಲ್ಲಿ ಸಾನ್ಯೊ ಇದನ್ನು ತಂದಾಗಿನಿಂದ ಇದರ ಹೆಚ್ಚುಗಾರಿಕೆ ಒಂದೇ: ಚಾರ್ಜ್ ಮಾಡಿ ಕಪಾಟಿನಲ್ಲಿಟ್ಟು ವರ್ಷ ಬಿಟ್ಟು ತೆಗೆದರೂ ಹೆಚ್ಚಿನ ಪಾಲು ಹಾಗೇ ಇರುತ್ತದೆ. 1.2 ವೋಲ್ಟ್ ಅಂತ ಹಿಂಜರಿಯಬೇಡಿ, ಒಳ್ಳೆಯ ಟಾರ್ಚ್ ಅದನ್ನು ಏರಿಸಿಕೊಳ್ಳುತ್ತದೆ. ಯಾವತ್ತಾದರೂ ಖಾಲಿಯಾದರೆ ಊರಿನ ಯಾವ ಅಂಗಡಿಯಲ್ಲೂ ಎಎ ಸೆಲ್ಲು ಸಿಗುತ್ತದೆ, ಅದು ಸಣ್ಣ ಲಾಭವಲ್ಲ.

ಆಲ್ಕಲೈನ್ ಸೆಲ್ಲನ್ನು ಮಾತ್ರ ಒಳ್ಳೆಯ ಟಾರ್ಚಿನೊಳಗೆ ಬಿಟ್ಟು ಮರೆಯಬೇಡಿ. ಅದು ಸೋರಿದರೆ ಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಬಿಳಿ ಹರಳಿನಂತೆ ಕಟ್ಟಿ ಸ್ಪ್ರಿಂಗನ್ನೇ ತಿನ್ನುತ್ತದೆ. ಅದು ಕ್ಷಾರವಾದ್ದರಿಂದ ನಿಂಬೆರಸ ಅಥವಾ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿದರೆ ಬಿಡುತ್ತದೆ. ನಮ್ಮಲ್ಲಿ ಅದಕ್ಕೆ ಹುಣಸೆಹಣ್ಣೇ ಆಗಿದೆ. ಇನ್ನೊಂದು ಎಚ್ಚರಿಕೆ: ಎಎ ಅಳತೆಯಲ್ಲೇ ಬರುವ 14500 ಅನ್ನುವ ಲಿಥಿಯಂ ಸೆಲ್ಲು 3.7 ವೋಲ್ಟಿನದ್ದು. ಟಾರ್ಚ್ ಒಪ್ಪುತ್ತದೆ ಅಂತ ಬರೆದಿದ್ದರೆ ಮಾತ್ರ ಹಾಕಿ, ಇಲ್ಲದಿದ್ದರೆ ಟಾರ್ಚ್ ಸುಟ್ಟುಹೋಗಬಹುದು.

ಚಾರ್ಜರ್: ಇಲ್ಲಿ ಜಿಪುಣತನ ಬೇಡ

ಲಿಥಿಯಂ ಸೆಲ್ಲಿನ ಚಾರ್ಜಿಗೆ ಒಂದು ಕ್ರಮ ಇದೆ. ಮೊದಲು ಒಂದೇ ಪ್ರಮಾಣದ ಕರೆಂಟು ಕೊಡುತ್ತ ಹೋಗಬೇಕು, 4.2 ವೋಲ್ಟ್ ಮುಟ್ಟಿದ ಮೇಲೆ ಅಲ್ಲೇ ಹಿಡಿದು ಕರೆಂಟನ್ನು ತಗ್ಗಿಸುತ್ತ ತಗ್ಗಿಸುತ್ತ ಕೊನೆಗೆ ನಿಲ್ಲಿಸಬೇಕು. ಕೊಡಕ್ಕೆ ನೀರು ತುಂಬುವಾಗ ಕಂಠಕ್ಕೆ ಬಂದಂತೆ ನಲ್ಲಿ ಸಣ್ಣ ಮಾಡುತ್ತೇವಲ್ಲ, ಅಷ್ಟೇ. ಪುಕ್ಕಟೆ ಚಾರ್ಜರುಗಳು ಈ ಕೊನೆಯ ಭಾಗದಲ್ಲೇ ಕೈಕೊಡುವುದು, ನಿಲ್ಲಿಸುವುದೇ ಇಲ್ಲ. ನನಗೆ ಪುಕ್ಕಟೆ ಬಂದದ್ದರಲ್ಲಿ ರಾತ್ರಿಯಿಡೀ ಇಟ್ಟ ಸೆಲ್ಲನ್ನು ಬೆಳಿಗ್ಗೆ ಮಲ್ಟಿಮೀಟರಿನಲ್ಲಿ ನೋಡಿದರೆ 4.31. ಹಸಿರು ದೀಪ ಮಾತ್ರ ಸಂಭ್ರಮದಿಂದ ಉರಿಯುತ್ತಿತ್ತು. ಅವತ್ತೇ ಅದರ ವೈರು ಕತ್ತರಿಸಿದೆ, ಯಾರೂ ಎತ್ತಿಕೊಂಡು ಬಳಸದಿರಲಿ ಅಂತ. ನಿಮ್ಮ ಚಾರ್ಜರನ್ನೂ ಹೀಗೆ ಒಮ್ಮೆ ಅಳೆಯಿರಿ. 4.15ರಿಂದ 4.20 ಇದ್ದರೆ ಚೆನ್ನ. 4.25 ದಾಟಿದರೆ ಬಿಸಾಡಿ.

ಮೂರು ದಾರಿಗಳಿವೆ. ಒಂದು, ಟಾರ್ಚಿನಲ್ಲೇ ಟೈಪ್‌-ಸಿ ತೂತು. ಮೊಬೈಲ್ ಚಾರ್ಜರೇ ಸಾಕು, ಯಂತ್ರದ ಗೊಡವೆ ಬೇಡದವರಿಗೆ ಇದಕ್ಕಿಂತ ಸುಲಭದ್ದಿಲ್ಲ. ಕೊರತೆ ಎರಡು: ಚಾರ್ಜಾಗುವಷ್ಟು ಹೊತ್ತು ಟಾರ್ಚ್ ಗೋಡೆಗೆ ಕಟ್ಟಿದ ಕರುವಿನ ಹಾಗೆ, ಮತ್ತು ಆ ತೂತಿನ ರಬ್ಬರ್ ಮುಚ್ಚಳ ಒಂದೆರಡು ಮಳೆಗಾಲದಲ್ಲಿ ಸಡಿಲವಾಗುತ್ತದೆ. ನನ್ನ ಒಂದು ಟಾರ್ಚಿನ ತೂತಿನಲ್ಲಿ ಇರುವೆ ಮೊಟ್ಟೆ ಇಟ್ಟಿತ್ತು. ಪೊರಕೆ ಕಡ್ಡಿ ಹಾಕಿ ಮೀಟಿ ತೆಗೆಯುವಾಗ ಒಳಗಿನ ನಾಲಿಗೆಯೂ ಬಾಗಿತು. ಇನ್ನು ಎರಡೂ ತುದಿ ಟೈಪ್‌-ಸಿ ಇರುವ ಕೇಬಲಿನಲ್ಲಿ ಕೆಲವು ಟಾರ್ಚ್ ಚಾರ್ಜೇ ಆಗುವುದಿಲ್ಲ. ಟಾರ್ಚ್ ಕೆಟ್ಟಿದೆ ಅಂದುಕೊಳ್ಳಬೇಡಿ, ಒಳಗೆ ಹಾಕಬೇಕಾದ ಎರಡು ಪುಡಿ ರೆಸಿಸ್ಟರನ್ನು ತಯಾರಕರು ಉಳಿಸಿರುತ್ತಾರೆ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿದರೆ ಆಗುತ್ತದೆ.

ಎರಡನೆಯದು, ಯುಎಸ್‌ಬಿಯಿಂದ ನಡೆಯುವ ಎರಡು ಅಥವಾ ನಾಲ್ಕು ಮನೆಯ (ಸೆಲ್ಲು ಕೂರಿಸುವ ಜಾಗದ) ಚಾರ್ಜರ್. ಎಕ್ಸ್‌ಟಾರ್ ವಿಸಿ4, ನೈಟ್‌ಕೋರಿನ ಎರಡು ಮನೆಯ ಕೆಲವು ಈ ಪೈಕಿ. ಲಿಥಿಯಂ ಸೆಲ್ಲೋ ಎಎ ಸೆಲ್ಲೋ ತಾವೇ ಗುರುತಿಸುವಂಥವನ್ನೇ ಆರಿಸಿ. ನಮ್ಮ ಕಡೆಯ ಮನೆಗಳಿಗೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕಾರಣ, ವೋಲ್ಟೇಜಿನ ಏರಿಳಿತದ ಏಟು ಮೊದಲು ಬೀಳುವುದು ಮೊಬೈಲ್ ಅಡಾಪ್ಟರಿನ ಮೇಲೆ. ಅದು ಸುಟ್ಟರೆ ಇನ್ನೊಂದು ತರಬಹುದು. ಕರೆಂಟು ಎರಡು ದಿನ ಬಾರದಿದ್ದರೆ ಪವರ್ ಬ್ಯಾಂಕಿನಿಂದಲೋ ಸೋಲಾರಿನಿಂದಲೋ ಇದೇ ಚಾರ್ಜರ್ ನಡೆಯುತ್ತದೆ.

ಮೂರನೆಯದು, ಸೆಲ್ಲನ್ನು ಖಾಲಿ ಮಾಡಿ ತುಂಬಿ ಸಾಮರ್ಥ್ಯ ಅಳೆಯುವಂಥದ್ದು. ಲಿಟೊಕಾಲಾ ಲೀ-500 ಈ ಬಗೆಯದು, 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಬೇಕು. ಹಳೆಯ ಲ್ಯಾಪ್‌ಟಾಪಿನ ಸೆಲ್ಲು ಬಿಡಿಸುವ ಚಟ ಇರುವವರಿಗೆ, ಡಜನ್‌ಗಟ್ಟಲೆ ಸೆಲ್ಲು ಇಟ್ಟವರಿಗೆ ಸರಿ. ಎರಡು ಸೆಲ್ಲಿನ ಸಂಸಾರಕ್ಕೆ ಅನವಶ್ಯಕ. ನನ್ನಲ್ಲಿದೆ, ಹೌದು, ಆ 870ರ ಸಿಟ್ಟಿನಲ್ಲಿ ಕೊಂಡದ್ದು.

ವೇಗದ ಬಗ್ಗೆ: ಸೆಲ್ಲಿನ ಸಾಮರ್ಥ್ಯದ ಅರ್ಧದಷ್ಟು ಕರೆಂಟು ಆರೋಗ್ಯಕರ. 3500ರ ಸೆಲ್ಲಿಗೆ ಒಂದೂವರೆ ಆಂಪಿಯರ್ ತನಕ ನಿಶ್ಚಿಂತೆ. ಒಂದು ಆಂಪಿಯರಿನಲ್ಲಿ ನಾಲ್ಕು ಗಂಟೆ, ಅರ್ಧದಲ್ಲಿ ಎಂಟು ಗಂಟೆ ಹಿಡಿಯುತ್ತದೆ. ಚಾರ್ಜಿಗೆ ಇಡುವ ಜಾಗ ಹಾಸಿಗೆಯಲ್ಲ, ಸೋಗೆ ಮಾಡಿನ ಕೆಳಗಿನ ಅಟ್ಟವೂ ಅಲ್ಲ. ಕಾವಿ ನೆಲವೋ ಕಡಪ ಕಲ್ಲೋ ಇರಲಿ, ಮನೆಯಲ್ಲಿ ಯಾರಾದರೂ ಎಚ್ಚರಿರುವಾಗ ಇಡಿ.

ಯಾರು ಏನು ಕೊಳ್ಳಬಹುದು

ಅಪ್ಪಯ್ಯನಿಗೆ ನಾನು ಕೊಟ್ಟದ್ದು ಟೈಪ್‌-ಸಿ ಇರುವ ಒಂದೇ ಸೆಲ್ಲಿನ ಟಾರ್ಚ್, ಒಳಗೆ ಪ್ರೊಟೆಕ್ಟೆಡ್ 18650. ಊಟಕ್ಕೆ ಕೂರುವ ಮೊದಲು ಮೊಬೈಲಿನ ಪಕ್ಕ ಸಿಕ್ಕಿಸುತ್ತಾರೆ. ಮೊದಮೊದಲು ಹಳೇ ಅಭ್ಯಾಸದಲ್ಲಿ ಸೆಲ್ಲನ್ನು ಅಂಗಳದ ಬಿಸಿಲಿಗೆ ಇಟ್ಟಿದ್ದರು. ಸತು ಇಂಗಾಲದ ಹಳೇ ಸೆಲ್ಲು ಬಿಸಿಲು ಕಂಡರೆ ಇನ್ನೊಂದು ರಾತ್ರಿ ಬದುಕುತ್ತಿತ್ತು, ಲಿಥಿಯಂಗೆ ಬಿಸಿಲೇ ವೈರಿ ಅಂತ ಎರಡು ಸಲ ಹೇಳಬೇಕಾಯಿತು.

ನಿತ್ಯ ರಾತ್ರಿ ತೋಟ ಸುತ್ತುವ, ಕೈ ಚುರುಕಿರುವವರಿಗೆ ಯುಎಸ್‌ಬಿಯ ಎರಡು ಮನೆಯ ಚಾರ್ಜರ್, ರಕ್ಷಣೆಯ ಸರ್ಕ್ಯೂಟ್ ಇಲ್ಲದ 3500ರ ಎರಡು ಸಾದಾ ಸೆಲ್ಲು: ಒಂದು ಟಾರ್ಚಿನಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಡಬ್ಬಿ ಕಡ್ಡಾಯ. ಸೆಲ್ಲಿನ ಮೈಯೆಲ್ಲ ಋಣ ತುದಿಯೇ, ಧನದಿಂದ ಬೇರೆ ಮಾಡಿರುವುದು ತಲೆಯ ಹತ್ತಿರದ ಒಂದು ತೆಳು ಉಂಗುರ ಮತ್ತು ಮೇಲಿನ ಹಾಳೆ. ಜೇಬಿನಲ್ಲಿ ಬೀಗದ ಕೈ ಜೊತೆ ಹಾಕಿದರೆ ತೊಡೆ ಸುಡುತ್ತದೆ. ಹಾಳೆ ಹರಿದ ಸೆಲ್ಲನ್ನು ಹೊಸ ಹಾಳೆ ಹೊದಿಸದೆ ಬಳಸಬೇಡಿ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಚಾರ್ಜರಿಗೆ ಮೊದಲು ಹಾಕಿ, ಸೆಲ್ಲು ಒಂದೇ ಕೊಳ್ಳಿ, ಟಾರ್ಚಿನ ದರ್ಜೆ ಒಂದು ಮೆಟ್ಟಿಲು ಇಳಿಸಿ. ಚಾರ್ಜರ್ ಹತ್ತು ವರ್ಷ ಇರುತ್ತದೆ, ಮಿಕ್ಕದ್ದು ಬದಲಾಗುತ್ತಿರುತ್ತದೆ. ಚಾರಣದವರಿಗೆ 21700 ಮತ್ತು ಎರಡನೆಯ ಸೆಲ್ಲು. ವಿಮಾನ ಹತ್ತುವುದಿದ್ದರೆ ಬಿಡಿ ಸೆಲ್ಲು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಮಿತಿ 100 ವ್ಯಾಟ್‌ ಅವರ್, 18650 ಸುಮಾರು 12.6 ಮಾತ್ರ, ಹಾಗಾಗಿ ಅಮೆರಿಕದಿಂದ ಬರುವ ಬಾವನಿಗೆ ಎರಡು ಸೆಲ್ಲು ತರಲು ಹೇಳಿದರೆ ತೊಂದರೆಯಿಲ್ಲ, ಡಬ್ಬಿಯಲ್ಲಿ ಹಾಕಿ ತರಲಿ.

ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ, ಸುಮಾರು 3.7 ವೋಲ್ಟಿನಲ್ಲಿ, ತಂಪು ಜಾಗದಲ್ಲಿಡಿ. ಮರೆತು 2 ವೋಲ್ಟಿಗಿಂತ ಕೆಳಗಿಳಿದ ಸೆಲ್ಲಿಗೆ ಜೀವ ತುಂಬಲು ಹೋಗಬೇಡಿ. ಒಳಗಿನ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಅಪಾಯ ಇದೆ. ಸಿಹಿ ಸಿಹಿ ವಾಸನೆ ಬಂದರೂ ಅಷ್ಟೇ. ಎರಡು ತುದಿಗೂ ಟೇಪು ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಒಲೆಗೆ ಹಾಕಬೇಡಿ.

ಇನ್ನೊಂದು. ಬಹಳ ಅಂಗಡಿಯವರು ಲಿಥಿಯಂ ಸೆಲ್ಲನ್ನು ರಸ್ತೆ ಮಾರ್ಗದಲ್ಲೇ ಕಳಿಸುತ್ತಾರೆ, ನಮ್ಮೂರು ಮುಟ್ಟುವುದಕ್ಕೆ ವಾರ ಹತ್ತು ದಿನ ಆಗುತ್ತದೆ. ಮಿರ್ಗಿ ಮಳೆ ಹಿಡಿದು ಲೈನ್ ಮೇಲೆ ಮರ ಬಿದ್ದ ಮೇಲಲ್ಲ, ಮೇ ತಿಂಗಳಲ್ಲೇ ತರಿಸಿ. ಬಂದ ದಿನ ತೂಕ ನೋಡಿ, ಮಾರ್ಕರಿನಲ್ಲಿ ತಾರೀಕು ಬರೆದಿಡಿ.